ಕಲಿಸುವವರ ಸಾಲಿನಲ್ಲಿ ವಿಕಲಚೇತನರು



ವಯಸ್ಕರ ಶಿಕ್ಷಣದ ಬಗ್ಗೆ ಮಾತು ಬಂದಾಗ ನಮ್ಮ ಗಮನವೆಲ್ಲ ಕಲಿಯಲು ಬಂದವರ ಮೇಲೆ ಇರುತ್ತದೆ. ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಪರೀಕ್ಷೆ ಬರೆದರು, ಎಷ್ಟು ಮಂದಿ ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದರು ಎಂದು ಲೆಕ್ಕ ಹಾಕುತ್ತೇವೆ. ಆ ಲೆಕ್ಕ ಬೇಕಾದದ್ದೇ. ಆದರೆ ಎದುರಿಗೆ ಕೂತು ಕಲಿಸುವವರು ಯಾರು, ಅವರನ್ನು ನಾವು ಹೇಗೆ ನಡೆಸಿಕೊಳ್ಳುತ್ತಿದ್ದೇವೆ ಎಂಬ ಪ್ರಶ್ನೆ ಅಷ್ಟೇ ಸಲೀಸಾಗಿ ಕೇಳಿಬರುವುದಿಲ್ಲ. ಈ ಹೊತ್ತು ಆ ಪ್ರಶ್ನೆಯ ಒಂದು ಭಾಗವನ್ನು ಎತ್ತಿಕೊಳ್ಳುತ್ತಿದ್ದೇನೆ. ವಯಸ್ಕರ ಶಿಕ್ಷಣದಲ್ಲಿ ದುಡಿಯುವ ವಿಕಲಚೇತನರಿಗೆ ಉದ್ಯೋಗದಲ್ಲಿ ಸಮಾನತೆ ಸಿಗುತ್ತಿದೆಯೇ? ಸಿಗದಿದ್ದರೆ ಅದು ಎಲ್ಲಿ ತಪ್ಪಿಹೋಗುತ್ತಿದೆ?

ಮೊದಲು ಕಾನೂನು ಏನು ಹೇಳುತ್ತದೆಂದು ನೋಡೋಣ. ಆಮೇಲೆ ನಮ್ಮ ಕ್ಷೇತ್ರದ ನೌಕರಿಯ ಸ್ವರೂಪಕ್ಕೆ ಬರುತ್ತೇನೆ. ನನ್ನ ವಾದದ ಮುಖ್ಯ ಭಾಗ ಅಲ್ಲಿದೆ. ಮೂರನೆಯದಾಗಿ ದಿನದಿನದ ಕೆಲಸದ ಜಾಗ. ಕೊನೆಗೆ ಬ್ರಿಟನ್ನಿನ ಒಂದು ಅನುಭವ ಮತ್ತು ಮುಂದಿನ ಯೋಜನೆಯಲ್ಲಿ ಇರಬೇಕಾದ ಕೆಲವು ಸಂಗತಿಗಳು.

ಕಾನೂನಿಗೆ ಹೋಗುವ ಮುನ್ನ ಸಂಗೀತ ಕಲಿಸುವ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಬೇಕು. ಅಲ್ಲಿನ ಗುರು ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ಅಲ್ಲಿ ಅಂಧ ಮಕ್ಕಳು ಕಲಿತರು, ಅದು ಎಲ್ಲರಿಗೂ ಗೊತ್ತು. ಕಣ್ಣುಳ್ಳವರೂ ಅದೇ ಗುರುಗಳ ಮುಂದೆ ಕೂತು ಕಲಿತರು ಎಂಬುದನ್ನು ನಾವು ಅಷ್ಟಾಗಿ ಎತ್ತಿ ಹೇಳುವುದಿಲ್ಲ. ಗಾಯಕ ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಗಾಯಕ ವೆಂಕಟೇಶ್ ಕುಮಾರ್ ಪುಟ್ಟರಾಜರ ಶಿಷ್ಯರು. ಗುರುವಿನ ಯೋಗ್ಯತೆಯನ್ನು ಅಲ್ಲಿ ವಿದ್ಯೆಯಿಂದ ಅಳೆದರು. ಹಾಗೆಂದು ನಮ್ಮ ಸಮಾಜ ಉದಾರವಾಗಿತ್ತೆಂದು ಹೇಳಿಬಿಟ್ಟರೆ ತಪ್ಪಾಗುತ್ತದೆ. ಕಣ್ಣಿಲ್ಲದವರಿಗೆ ಸಂಗೀತ ಸಲ್ಲುತ್ತದೆ ಎಂದು ಒಪ್ಪಿದ ಸಮಾಜವೇ ಲೆಕ್ಕ, ಭಾಷೆ, ಆಡಳಿತ ಅವರಿಗೆ ಸಲ್ಲದು ಎಂದೂ ತೀರ್ಮಾನಿಸಿತ್ತು. ಒಂದು ಬಾಗಿಲು ತೆರೆದಿತ್ತು, ಪಕ್ಕದ ಬಾಗಿಲುಗಳು ಮುಚ್ಚಿದ್ದವು. ಅಕ್ಷರ ಕಲಿಸುವ ಕೇಂದ್ರದ ಬಾಗಿಲು ಹೀಗೆ ಮುಚ್ಚಿದ್ದವುಗಳ ಪೈಕಿ ಒಂದು.

ಈಗ ಕಾನೂನಿಗೆ ಬರೋಣ. ಅಂಗವಿಕಲರ ಹಕ್ಕುಗಳ ಅಧಿನಿಯಮವನ್ನು ಸಂಸತ್ತು 2016ರ ಡಿಸೆಂಬರಿನಲ್ಲಿ ಅಂಗೀಕರಿಸಿತು. 2017ರ ಏಪ್ರಿಲ್ 19ರಿಂದ ಅದು ಜಾರಿಯಲ್ಲಿದೆ. 1995ರ ಹಳೆಯ ಕಾನೂನು ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿತ್ತು. ಹೊಸದು ಇಪ್ಪತ್ತೊಂದನ್ನು ಗುರುತಿಸುತ್ತದೆ. ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿಯನ್ನು ಶೇಕಡ 3ರಿಂದ ಕನಿಷ್ಠ ಶೇಕಡ 4ಕ್ಕೆ ಏರಿಸಿತು. ಇದಿಷ್ಟು ಪತ್ರಿಕೆ ಓದುವವರಿಗೆಲ್ಲ ತಿಳಿದ ವಿಷಯ. ಆದರೆ ಈ ಕಾನೂನಿನ ಪ್ರಾಣ ಮೀಸಲಾತಿಯಲ್ಲಿ ಮಾತ್ರ ಇಲ್ಲ. ಇಪ್ಪತ್ತನೆಯ ಕಲಮು ಉದ್ಯೋಗದಲ್ಲಿ ತಾರತಮ್ಯ ಮಾಡಬಾರದು ಎನ್ನುತ್ತದೆ, ಸರ್ಕಾರಿ ಸಂಸ್ಥೆಗಳು ವಿಕಲಚೇತನ ನೌಕರರಿಗೆ ಸಮಂಜಸ ಹೊಂದಾಣಿಕೆ, ಅಂದರೆ ಕೆಲಸ ಮಾಡಲು ಬೇಕಾದ ಅನುಕೂಲ, ಮಾಡಿಕೊಡಬೇಕು ಎನ್ನುತ್ತದೆ. ಸೇವೆಯಲ್ಲಿರುವಾಗ ವೈಕಲ್ಯಕ್ಕೆ ಒಳಗಾದವರನ್ನು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಇದ್ದ ಹುದ್ದೆ ಮಾಡಲಾಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಅದೂ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆ ಸೃಷ್ಟಿಸಿ ಇಟ್ಟುಕೊಳ್ಳಬೇಕು. 1995ರ ಕಾನೂನಿನಲ್ಲೂ ಇಂಥ ರಕ್ಷಣೆ ಇತ್ತು. ಕರ್ತವ್ಯದಲ್ಲಿದ್ದಾಗ ಗಾಯಗೊಂಡು ಕಾಲು ಕಳೆದುಕೊಂಡ ಪೇದೆ ಕುನಾಲ್ ಸಿಂಗ್ ಅವರ ಪ್ರಕರಣದಲ್ಲಿ 2003ರಲ್ಲೇ ಸುಪ್ರೀಂ ಕೋರ್ಟು ಆ ರಕ್ಷಣೆಯನ್ನು ಎತ್ತಿಹಿಡಿಯಿತು.

2021ರ ಫೆಬ್ರುವರಿಯಲ್ಲಿ ಅದೇ ನ್ಯಾಯಾಲಯದಿಂದ ವಿಕಾಸ್ ಕುಮಾರ್ ಪ್ರಕರಣದ ತೀರ್ಪು ಬಂತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿಗೆ ಲಿಪಿಕಾರರ ನೆರವು ಸಿಗಬೇಕೋ ಬೇಡವೋ ಎಂಬುದು ಅಲ್ಲಿನ ಪ್ರಶ್ನೆ. ಕನಿಷ್ಠ ಶೇಕಡ 40ರಷ್ಟು ವೈಕಲ್ಯ ಇರಬೇಕೆಂಬ ಗಡಿ ಮೀಸಲಾತಿಯಂಥ ಕೆಲವು ಸೌಲಭ್ಯಗಳಿಗೆ ಸಂಬಂಧಿಸಿದ್ದು, ಸಮಂಜಸ ಹೊಂದಾಣಿಕೆಗೆ ಆ ಗಡಿ ಅಡ್ಡಬರಬಾರದು ಎಂದು ನ್ಯಾಯಾಲಯ ವಿವರಿಸಿತು. ನಮ್ಮ ಕಚೇರಿಗಳಲ್ಲಿ ಇವತ್ತಿಗೂ "ನಲವತ್ತರ ಸರ್ಟಿಫಿಕೇಟ್ ಇದೆಯೇ?" ಎಂಬುದೇ ಮೊದಲ ಪ್ರಶ್ನೆ, ಬಹಳ ಸಲ ಕೊನೆಯ ಪ್ರಶ್ನೆಯೂ ಅದೇ. ಕೆಲಸ ಮಾಡಲು ಏನು ಬೇಕು ಎಂದು ಕೇಳುವವರು ವಿರಳ.

2016ರ ಕಾನೂನನ್ನು ಓದುವಾಗ ನನ್ನನ್ನು ತಡೆದು ನಿಲ್ಲಿಸಿದ ಒಂದು ಜಾಗವಿದೆ. ಹದಿನೇಳನೆಯ ಕಲಮು ಶಾಲಾ ಶಿಕ್ಷಣದ ಕ್ರಮಗಳನ್ನು ಹೇಳುವಾಗ ಸಂಜ್ಞಾ ಭಾಷೆ, ಬ್ರೈಲ್ ಬಲ್ಲ ಶಿಕ್ಷಕರನ್ನು ನೇಮಿಸಬೇಕು ಎನ್ನುತ್ತದೆ. ಆ ಶಿಕ್ಷಕರಲ್ಲಿ ವಿಕಲಚೇತನರೂ ಸೇರಬೇಕು ಎಂದು ಬಿಡಿಸಿ ಹೇಳುತ್ತದೆ. ಅದರ ಮರುಕಲಮು, ಹದಿನೆಂಟನೆಯದು, ವಯಸ್ಕರ ಶಿಕ್ಷಣದ್ದು. ವಯಸ್ಕರ ಶಿಕ್ಷಣ ಮತ್ತು ಮುಂದುವರಿಕೆ ಶಿಕ್ಷಣದ ಕಾರ್ಯಕ್ರಮಗಳಲ್ಲಿ ವಿಕಲಚೇತನರು ಇತರರಿಗೆ ಸಮಾನವಾಗಿ ಪಾಲ್ಗೊಳ್ಳುವಂತೆ ಸರ್ಕಾರಗಳೂ ಸ್ಥಳೀಯ ಸಂಸ್ಥೆಗಳೂ ಕ್ರಮ ಕೈಗೊಳ್ಳಬೇಕು ಎಂಬ ಒಂದೇ ವಾಕ್ಯ ಅಲ್ಲಿದೆ. ಶಿಕ್ಷಕರ ಮಾತಿಲ್ಲ. ಶಾಲೆಯಲ್ಲಿ ವಿಕಲಚೇತನರು ಮೇಷ್ಟರಾಗಬಹುದೆಂದು ಕಂಡ ಕಣ್ಣಿಗೆ, ರಾತ್ರಿ ಶಾಲೆಯಲ್ಲೂ ಅವರು ಮೇಷ್ಟರಾಗಬಹುದೆಂಬುದು ಕಾಣಲಿಲ್ಲ. ಪಾಲ್ಗೊಳ್ಳುವಿಕೆ ಎಂದರೆ ಕಲಿಸುವುದೂ ಸೇರುತ್ತದೆ ಎಂದು ನಾವು ವಾದಿಸಬಹುದು, ವಾದಿಸಬೇಕು. ಆದರೂ ಆ ಮೌನ ಆಕಸ್ಮಿಕ ಎಂದು ನನಗೆ ಅನಿಸುವುದಿಲ್ಲ. ಈ ಕ್ಷೇತ್ರದ ಮನಸ್ಸಿನಲ್ಲಿ ವಿಕಲಚೇತನರು ಯಾವಾಗಲೂ ಫಲಾನುಭವಿಗಳ ಪಟ್ಟಿಯಲ್ಲಿದ್ದಾರೆ; ಸಿಬ್ಬಂದಿಯ ಪಟ್ಟಿಯಲ್ಲಿ ಅವರ ಹೆಸರನ್ನು ಹುಡುಕುವ ಅಭ್ಯಾಸವೇ ಬೆಳೆದಿಲ್ಲ.

ಇನ್ನು ಎರಡನೆಯ ವಿಷಯ, ನೌಕರಿಯ ಸ್ವರೂಪ. ಇಲ್ಲಿ ಸ್ವಲ್ಪ ನಿಧಾನವಾಗಿ ನಡೆಯಬೇಕು.

ಭಾರತದ ವಯಸ್ಕರ ಶಿಕ್ಷಣದ ಇತಿಹಾಸ ಅಭಿಯಾನಗಳ ಇತಿಹಾಸ. 1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಆರಂಭವಾಯಿತು. 1988ರ ಮೇ ತಿಂಗಳಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂತು. ಸಂಪೂರ್ಣ ಸಾಕ್ಷರತಾ ಆಂದೋಲನದ ದಿನಗಳಲ್ಲಿ ಜಾಥಾ, ಬೀದಿನಾಟಕ, ಹಾಡುಗಳ ಮೂಲಕ ಲಕ್ಷಾಂತರ ಸ್ವಯಂಸೇವಕರು ಊರೂರು ತಿರುಗಿದರು. 2009ರ ಸೆಪ್ಟೆಂಬರ್ 8ರಂದು ಸಾಕ್ಷರ ಭಾರತ್ ಶುರುವಾಯಿತು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಲೋಕ ಶಿಕ್ಷಣ ಕೇಂದ್ರ, ಅದಕ್ಕೆ ಇಬ್ಬರು ಪ್ರೇರಕರು, ಪ್ರೇರಕರಿಗೆ ತಿಂಗಳಿಗೆ 2,000 ರೂಪಾಯಿ ಗೌರವಧನ. ಆ ಯೋಜನೆ 2018ರ ಮಾರ್ಚಿಗೆ ಮುಗಿಯಿತು. ಪ್ರೇರಕರು ಮನೆಗೆ ಹೋದರು. ಈಗ ನಡೆಯುತ್ತಿರುವುದು 2022-27ರ ಅವಧಿಗೆಂದು ರೂಪಿಸಿದ ನವ ಭಾರತ ಸಾಕ್ಷರತಾ ಕಾರ್ಯಕ್ರಮ, ಉಲ್ಲಾಸ್ ಎಂದು ನಾವು ಕರೆಯುವ ಯೋಜನೆ. ಇಲ್ಲಿ ಕಲಿಸುವವರು ಪೂರ್ತಿ ಸ್ವಯಂಸೇವಕರು.

ಈ ಕ್ರಮವನ್ನು ಗಮನಿಸಿ. ಕಲಿಸುವ ಕೆಲಸ ಹುದ್ದೆಯಾಗಲೇ ಇಲ್ಲ. ಅದು ಗೌರವಧನವಾಗಿತ್ತು, ಈಗ ಸೇವೆಯಾಗಿದೆ. ಮೀಸಲಾತಿಯ ಲೆಕ್ಕ ನಡೆಯುವುದು ಮಂಜೂರಾದ ಹುದ್ದೆಗಳ ಮೇಲೆ, ವೃಂದಬಲದ ಮೇಲೆ. ವೃಂದವೇ ಇಲ್ಲದ ಕಡೆ ಶೇಕಡ 4 ಯಾವುದರ ಶೇಕಡ 4? ಸೇವೆಯಲ್ಲಿದ್ದಾಗ ವೈಕಲ್ಯಕ್ಕೆ ಒಳಗಾದವರನ್ನು ತೆಗೆಯುವಂತಿಲ್ಲ ಎಂಬ ರಕ್ಷಣೆ ನೌಕರರಿಗೆ ಸಲ್ಲುವಂಥದು. ಕೇಂದ್ರಕ್ಕೆ ಹೋಗುವ ದಾರಿಯಲ್ಲಿ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡ ಪ್ರೇರಕಿ ತಾನು ನೌಕರಳೆಂದು ಮೊದಲು ಸಾಬೀತುಪಡಿಸಬೇಕು, ಆಮೇಲೆ ತಾನು ವಿಕಲಚೇತನಳೆಂದು ಸಾಬೀತುಪಡಿಸಬೇಕು. ಅಷ್ಟರಲ್ಲಿ ಆ ಗೌರವಧನದ ಜಾಗಕ್ಕೆ ಬೇರೆಯವರು ಬಂದಿರುತ್ತಾರೆ. ಯಾರೂ ಕ್ರೂರಿಗಳಲ್ಲ, ಯಾರೂ ಆದೇಶ ಮೀರಿಲ್ಲ, ಆದರೂ ಒಬ್ಬರು ಕೆಲಸ ಕಳೆದುಕೊಂಡಿರುತ್ತಾರೆ.

ಇದು ಸಾಕ್ಷರತಾ ಕೇಂದ್ರಕ್ಕೆ ಮಾತ್ರ ಅಂಟಿದ ಸಮಸ್ಯೆಯಲ್ಲ. ಮುಕ್ತ ವಿಶ್ವವಿದ್ಯಾಲಯಗಳ ಅಧ್ಯಯನ ಕೇಂದ್ರಗಳಲ್ಲಿ ಭಾನುವಾರದ ತರಗತಿ ತೆಗೆದುಕೊಳ್ಳುವವರು, ಕೌಶಲ ತರಬೇತಿಯ ಬೋಧಕರು, ಹೊಲಿಗೆ ಮತ್ತು ಕಂಪ್ಯೂಟರ್ ಕಲಿಸುವವರು ಬಹುಪಾಲು ತರಗತಿಯ ಲೆಕ್ಕದಲ್ಲಿ ಸಂಭಾವನೆ ಪಡೆಯುತ್ತಾರೆ. ದೊಡ್ಡವರಿಗೆ ಕಲಿಸುವ ಕೆಲಸ ಎಲ್ಲೆಡೆ ಅರೆಕಾಲಿಕ, ತಾತ್ಕಾಲಿಕ. ಹೀಗಿರುವಾಗ ತನಗೊಂದು ತೊಂದರೆ ಇದೆ ಎಂದು ಹೇಳಿಕೊಳ್ಳಲು ಯಾರಿಗೆ ಧೈರ್ಯ ಬಂದೀತು? ಮೂರ್ಛೆರೋಗಕ್ಕೆ ಮಾತ್ರೆ ತೆಗೆದುಕೊಳ್ಳುವ ಬೋಧಕ, ಖಿನ್ನತೆಯಿಂದ ಚೇತರಿಸಿಕೊಳ್ಳುತ್ತಿರುವ ಸಂಯೋಜಕಿ, ಕಿವಿ ಮಂದವಾಗುತ್ತಿರುವ ಹಿರಿಯ ಸಂಪನ್ಮೂಲ ವ್ಯಕ್ತಿ, ಇವರು ಮುಂದಿನ ತಿಂಗಳ ಪಟ್ಟಿಯಲ್ಲಿ ತಮ್ಮ ಹೆಸರು ಇರಲಿ ಎಂದು ಸುಮ್ಮನಿರುತ್ತಾರೆ. ಕಣ್ಣಿಗೆ ಕಾಣದ ವೈಕಲ್ಯ ಹೊತ್ತವರ ಈ ಮೌನ ನಮ್ಮ ಯಾವ ಅಂಕಿಅಂಶದಲ್ಲೂ ಬರುವುದಿಲ್ಲ.

ನಿರಾಶೆಯ ಮಾತಿನ ನಡುವೆ ನಮ್ಮದೇ ರಾಜ್ಯದ ಒಂದು ಒಳ್ಳೆಯ ಉದಾಹರಣೆಯನ್ನು ಮರೆಯಬಾರದು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಇವರು ಸ್ವತಃ ವಿಕಲಚೇತನರು. ಮನೆಮನೆಗೆ ಹೋಗುತ್ತಾರೆ, ಗುರುತಿನ ಚೀಟಿ ಮಾಡಿಸುತ್ತಾರೆ, ಪಿಂಚಣಿಯ ಅರ್ಜಿ ತುಂಬಿಸುತ್ತಾರೆ, ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳುತ್ತಾರೆ. ಇವರು ಮಾಡುತ್ತಿರುವ ಕೆಲಸದಲ್ಲಿ ಅರ್ಧಕ್ಕೂ ಹೆಚ್ಚು ವಯಸ್ಕರ ಶಿಕ್ಷಣವೇ ಎಂದು ನಾನು ಹೇಳುತ್ತೇನೆ. ಬದುಕಿಗೆ ಬೇಕಾದ ತಿಳಿವನ್ನು ದೊಡ್ಡವರಿಗೆ, ಅವರ ಅಂಗಳದಲ್ಲೇ ಕೂತು ಕೊಡುವುದಲ್ಲವೇ ಅದು? ಇವರೂ ಗೌರವಧನದಲ್ಲೇ ದುಡಿಯುತ್ತಿದ್ದಾರೆ ಎಂಬುದು ಬೇಸರದ ಸಂಗತಿ. ಆದರೆ ವಿಕಲಚೇತನರಿಗೆ ಪಂಚಾಯಿತಿ ಮಟ್ಟದ ಹೊಣೆ ವಹಿಸಬಹುದು, ಅವರು ಅದನ್ನು ನಿಭಾಯಿಸುತ್ತಾರೆ ಎಂಬುದನ್ನು ಈ ವ್ಯವಸ್ಥೆ ಊರೂರಿನಲ್ಲಿ ತೋರಿಸಿಕೊಟ್ಟಿದೆ. ಪಕ್ಕದ ಇಲಾಖೆ ಕಂಡುಕೊಂಡದ್ದನ್ನು ನಾವು ಲೋಕ ಶಿಕ್ಷಣದವರು ಇನ್ನೂ ಬಳಸಿಕೊಂಡಿಲ್ಲ.

ಮೂರನೆಯ ವಿಷಯಕ್ಕೆ ಬರುತ್ತೇನೆ: ಕೆಲಸದ ಜಾಗ.

ವಯಸ್ಕರ ಶಿಕ್ಷಣಕ್ಕೆ ತನ್ನದೇ ಕಟ್ಟಡ ಇರುವುದು ಅಪರೂಪ. ಸಂಜೆಯ ಹೊತ್ತು ಶಾಲೆಯ ಕೊಠಡಿ, ಸಮುದಾಯ ಭವನ, ದೇವಸ್ಥಾನದ ಜಗಲಿ, ಅಂಗನವಾಡಿ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಪಾಠ. ಕಟ್ಟಡ ನಮ್ಮದಲ್ಲ, ನಾವೇನು ಮಾಡೋಣ ಎಂಬ ಉತ್ತರ ಆಗ ಸುಲಭವಾಗಿ ಬರುತ್ತದೆ. ಶಾಲೆಯಲ್ಲಿ ಇಳಿಜಾರು ಇದ್ದರೂ ಅದು ಮುಂಬಾಗಿಲ ಮೂರು ಮೆಟ್ಟಿಲಿಗೆ ಮುಗಿದಿರುತ್ತದೆ, ಶೌಚಾಲಯದವರೆಗೆ ಹೋಗಿರುವುದಿಲ್ಲ. ಸಂಜೆ ಏಳಕ್ಕೆ ತರಗತಿ, ಎಂಟೂವರೆಗೆ ಮುಗಿಯುತ್ತದೆ. ಗಾಲಿಕುರ್ಚಿಯಲ್ಲಿರುವ ಬೋಧಕಿ ಆ ಕತ್ತಲಲ್ಲಿ ಮನೆಗೆ ಹೇಗೆ ಹೋಗಬೇಕು? ತರಗತಿಯ ಸಮಯವನ್ನು ಮಧ್ಯಾಹ್ನಕ್ಕೆ ಬದಲಾಯಿಸುವುದು, ಅವರ ಮನೆಯ ಹತ್ತಿರದ ಕೇಂದ್ರವನ್ನೇ ಅವರಿಗೆ ಕೊಡುವುದು, ಆಟೋದ ಖರ್ಚು ಭರಿಸುವುದು, ಇವೆಲ್ಲ ಸಮಂಜಸ ಹೊಂದಾಣಿಕೆಗಳೇ. ಇವುಗಳಲ್ಲಿ ಮೊದಲೆರಡಕ್ಕೆ ಹಣವೂ ಬೇಕಿಲ್ಲ.

ಕಟ್ಟಡಕ್ಕಿಂತ ಕಡತವೇ ದೊಡ್ಡ ತಡೆಯಾಗುವುದುಂಟು. ಅಂಧ ಸಂಯೋಜಕರೊಬ್ಬರು ಇವತ್ತು ಕಂಪ್ಯೂಟರಿನಲ್ಲಿ ಕನ್ನಡ ಓದಿಸಿಕೊಂಡು ಕೇಳಬಲ್ಲರು. ಎನ್‌ವಿಡಿಎ ಎಂಬ ಉಚಿತ ಪರದೆ ಓದುಗ ತಂತ್ರಾಂಶ ಕನ್ನಡವನ್ನು ಉಚ್ಚರಿಸುತ್ತದೆ. ಆದರೆ ಅದು ಓದಬೇಕಾದರೆ ಬರಹ ಯೂನಿಕೋಡ್‌ನಲ್ಲಿ ಇರಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕಡತ ನಮ್ಮ ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ. ಪರದೆ ಓದುಗಕ್ಕೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಸುತ್ತೋಲೆಯನ್ನು ಮುದ್ರಿಸಿ, ಸಹಿ ಹಾಕಿ, ಮೊಬೈಲಿನಲ್ಲಿ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದರೆ ಅದರಲ್ಲಿ ಅಕ್ಷರವೇ ಇಲ್ಲ, ಇರುವುದು ಚಿತ್ರ. ಗುಂಪಿನ ನಲವತ್ತು ಮಂದಿ ಒಂದು ನಿಮಿಷದಲ್ಲಿ ಓದಿ ಮುಗಿಸಿದ ಆದೇಶವನ್ನು ಒಬ್ಬರು ಮಗಳು ಕಾಲೇಜಿನಿಂದ ಬರುವವರೆಗೆ ಕಾದು ಓದಿಸಿಕೊಳ್ಳಬೇಕಾಗುತ್ತದೆ. ಆಮೇಲೆ ಅವರನ್ನೇ "ಮಾಹಿತಿ ಕಳಿಸುವುದರಲ್ಲಿ ಸದಾ ತಡ" ಎಂದು ದೂರುತ್ತೇವೆ. ಸಹಿ ಮಾಡಿದ ಪ್ರತಿಯ ಜೊತೆಗೆ ಯೂನಿಕೋಡ್ ಪಠ್ಯವನ್ನೂ ಕಳಿಸುವುದಕ್ಕೆ ಹೊಸ ಕಾನೂನು ಬೇಡ, ಅನುದಾನ ಬೇಡ. ಕಚೇರಿಯ ಮುಖ್ಯಸ್ಥರು ಒಂದು ಮಾತು ಹೇಳಿದರೆ ಸಾಕು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಡಿಜಿಟಲ್ ಸೇವೆಗಳು ಎಲ್ಲರ ಕೈಗೆ ಎಟುಕುವಂತಿರುವುದು ಬದುಕುವ ಹಕ್ಕಿನ ಭಾಗ ಎಂದು ಹೇಳಿದೆ. ಕಚೇರಿಯ ವಾಟ್ಸಾಪ್ ಗುಂಪಿಗೂ ಆ ಮಾತಿನ ಬೆಳಕು ಬೀಳಬೇಕು.

ಕಿವುಡ ಬೋಧಕರ ವಿಷಯ ಇನ್ನೂ ಹಿಂದುಳಿದಿದೆ. ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಸಂಜ್ಞಾ ಭಾಷೆ ಕಲಿಸುವ ಡಿಪ್ಲೊಮಾವನ್ನು ಕಿವುಡರಿಗಾಗಿಯೇ ನಡೆಸುತ್ತದೆ. ಅಂದರೆ ತರಬೇತಿ ಪಡೆದ ಕಿವುಡ ಶಿಕ್ಷಕರು ನಮ್ಮ ನಡುವೆ ಇದ್ದಾರೆ. ಶಾಲೆ ಕಾಣದೆ ಬೆಳೆದ ಕಿವುಡ ವಯಸ್ಕರಿಗೆ ಅಕ್ಷರ ಕಲಿಸಲು ಇವರಷ್ಟು ತಕ್ಕವರು ಬೇರೆ ಯಾರಿದ್ದಾರೆ? ಆದರೂ ತಿಂಗಳ ಸಭೆ ಮೌಖಿಕವಾಗಿ ನಡೆಯುತ್ತದೆ, ದುಭಾಷಿ ಇರುವುದಿಲ್ಲ, ತರಬೇತಿ ಮೈಕಿನಲ್ಲಿ ನಡೆಯುತ್ತದೆ, "ಆಮೇಲೆ ಹೇಳುತ್ತೇವೆ" ಎಂದು ಅವರಿಗೆ ಸನ್ನೆ ಮಾಡಲಾಗುತ್ತದೆ. ಆ "ಆಮೇಲೆ" ಬರುವುದೇ ಇಲ್ಲ.

ಇಲ್ಲೊಂದು ಎಚ್ಚರಿಕೆಯ ಮಾತು. ವಿಕಲಚೇತನ ಬೋಧಕರನ್ನು ನೇಮಿಸಿಕೊಳ್ಳಲು ಸ್ಫೂರ್ತಿಯ ಕಾರಣ ಕೊಡುವವರಿದ್ದಾರೆ. ಅವರನ್ನು ನೋಡಿ ಕಲಿಯುವವರು ಉತ್ಸಾಹಗೊಳ್ಳುತ್ತಾರೆ, ವೇದಿಕೆಗೆ ಕರೆದು ಶಾಲು ಹೊದಿಸೋಣ ಎನ್ನುತ್ತಾರೆ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಐವತ್ತು ದಾಟಿದ ಮೇಲೆ ಸ್ಲೇಟು ಹಿಡಿದ ಹೆಂಗಸಿನ ನಾಚಿಕೆ, "ನಿನ್ನಿಂದ ಆಗದು" ಎಂಬ ಮಾತನ್ನು ಬಾಲ್ಯದಿಂದ ಕೇಳಿಸಿಕೊಂಡವರಿಗೆ ಬೇಗ ಅರ್ಥವಾಗುತ್ತದೆ ಎಂಬುದು ನಿಜ. ಆದರೆ ಒಬ್ಬರಿಗೆ ಕೆಲಸ ಸಿಗಬೇಕಾದದ್ದು ಅವರು ಚೆನ್ನಾಗಿ ಕಲಿಸುತ್ತಾರೆ ಎಂಬ ಕಾರಣಕ್ಕೆ. ಅವರಿಗೆ ಬೇಸರದ ದಿನಗಳೂ ಇರಲಿ, ಮಾಮೂಲಿ ಪಾಠಗಳೂ ಇರಲಿ, ಬಡ್ತಿಯ ಆಸೆಯೂ ಇರಲಿ. ಉಳಿದ ಸಹೋದ್ಯೋಗಿಗಳಿಗೆ ಇವೆಲ್ಲ ಇವೆಯಲ್ಲವೇ? ಮಾದರಿ ವ್ಯಕ್ತಿಯಾಗಿಯೇ ಇರಬೇಕೆಂದು ವಿಕಲಚೇತನ ಸಿಬ್ಬಂದಿಯ ಮೇಲೆ ಹೇರುವುದು ಅವರ ಮೇಲೆ ಇನ್ನೊಂದು ಹೊರೆ ಹೊರಿಸಿದಂತೆ.

ಈಗ ಬ್ರಿಟನ್ನಿನ ಅನುಭವವನ್ನು ಚಿಕ್ಕದಾಗಿ ಹೇಳುತ್ತೇನೆ. ಅಲ್ಲಿ 1921ರಲ್ಲಿ ಹುಟ್ಟಿದ ವಯಸ್ಕರ ಶಿಕ್ಷಣದ ಸಂಸ್ಥೆಯೊಂದು ಬೆಳೆದು ನಯಾಸ್ ಎಂಬ ಹೆಸರು ಪಡೆಯಿತು. ಜೀವನಪರ್ಯಂತ ಕಲಿಕೆಯ ಕ್ಷೇತ್ರದಲ್ಲಿ ದುಡಿಯುವ ವಿಕಲಚೇತನರ ಸ್ಥಿತಿಯನ್ನು ಅರಿಯಲು ಅದು ಒಂದು ಆಯೋಗವನ್ನೇ ರಚಿಸಿತು. ಆಯೋಗದ ವರದಿ 2008ರಲ್ಲಿ ಬಂತು. ಕಾನೂನನ್ನು ಪಾಲಿಸಿದ್ದೇವೆಂದು ತೃಪ್ತಿಪಡದೆ ಸಂಸ್ಥೆಯ ಸಂಸ್ಕೃತಿಯನ್ನೇ ಬದಲಿಸಬೇಕು ಎಂಬುದು ಅದರ ತಿರುಳು. ಸಿಬ್ಬಂದಿ ತಮ್ಮ ವೈಕಲ್ಯವನ್ನು ಹೇಳಿಕೊಳ್ಳಲು ಅಂಜುತ್ತಾರೆ ಎಂಬುದು ಅದು ಎತ್ತಿ ತೋರಿಸಿದ ಮುಖ್ಯ ಸಂಗತಿ. ಅದಕ್ಕೆ ಒಂದು ವರ್ಷ ಮೊದಲು, 2007ರಲ್ಲಿ, ಅಲ್ಲಿನ ವಿಕಲಚೇತನರ ಹಕ್ಕುಗಳ ಆಯೋಗವೂ ಬೋಧನೆ, ಶುಶ್ರೂಷೆ, ಸಮಾಜಕಾರ್ಯ ಈ ಮೂರು ವೃತ್ತಿಗಳಿಗೆ ಇರುವ ದೇಹಾರೋಗ್ಯದ ಅರ್ಹತೆಗಳನ್ನು ತನಿಖೆ ಮಾಡಿ, ಅವನ್ನು ತೆಗೆದುಹಾಕಬೇಕೆಂದು ಹೇಳಿತ್ತು. ಆ ಅರ್ಹತೆಗಳು ಜನರನ್ನು ವೃತ್ತಿಗೆ ಬರದಂತೆ ತಡೆಯುತ್ತವೆ, ಬಂದವರು ಮುಚ್ಚಿಡುವಂತೆ ಮಾಡುತ್ತವೆ ಎಂಬುದು ಅದರ ಕಾರಣ. 2010ರ ಸಮಾನತಾ ಕಾಯ್ದೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕೆಲಸ ಕೊಡುತ್ತೇವೆಂದು ಹೇಳುವ ಮುಂಚೆ ಅಭ್ಯರ್ಥಿಯ ಆರೋಗ್ಯದ ಬಗ್ಗೆ ಕೇಳಬಾರದು ಎಂದು ಕಟ್ಟುಮಾಡಿತು. ಮೊದಲು ಯೋಗ್ಯತೆ ನೋಡಿ, ಆಯ್ಕೆ ಮಾಡಿ, ಆಮೇಲೆ ಏನು ಬೇಕೆಂದು ಕೇಳಿ ಎಂಬ ಕ್ರಮ ಅದು. ನಮ್ಮಲ್ಲಿ ಮೀಸಲಾತಿ ಇರುವುದರಿಂದ ಪ್ರಮಾಣಪತ್ರ ಮೊದಲೇ ಬೇಕಾಗುತ್ತದೆ, ಹಾಗಾಗಿ ಈ ಕ್ರಮವನ್ನು ಇದ್ದಂತೆಯೇ ತರಲಾಗದು. ಆದರೆ ಗೌರವಧನದ, ತರಗತಿ ಲೆಕ್ಕದ, ಸ್ವಯಂಸೇವೆಯ ಆಯ್ಕೆಗಳಲ್ಲಿ ಮೀಸಲಾತಿಯೇ ನಡೆಯದಿರುವಾಗ ಅಲ್ಲಿ ಈ ಕ್ರಮ ಅನುಸರಿಸಲು ಯಾವ ಅಡ್ಡಿಯೂ ಇಲ್ಲ.

ಹೀಗೆ ಆಯ್ಕೆ ಮಾಡಲು ಜನರಿದ್ದಾರೆಯೇ ಎಂದರೆ, 2011ರ ಜನಗಣತಿಯಂತೆ ನಮ್ಮ ದೇಶದಲ್ಲಿ ವಿಕಲಚೇತನರು 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು. ದೇಶದ ವಿಕಲಚೇತನರಲ್ಲಿ ಅಕ್ಷರಸ್ಥರು ಶೇಕಡ 55ರಷ್ಟು, ದುಡಿಮೆಯಲ್ಲಿರುವವರು ಶೇಕಡ 36ರಷ್ಟು. ಈ ಎರಡು ಸಂಖ್ಯೆಗಳ ನಡುವಿನ ಅಂತರದಲ್ಲಿ ಓದು ಬಲ್ಲ, ಕೆಲಸವಿಲ್ಲದ ಎಷ್ಟೋ ಜನರಿದ್ದಾರೆ. ಕಲಿಸುವವರು ಸಿಗುತ್ತಿಲ್ಲ ಎಂದು ಪ್ರತಿ ವರ್ಷ ಹೇಳುವ ಕ್ಷೇತ್ರ ಇವರ ಕಡೆ ತಿರುಗಿ ನೋಡಬೇಕು.

ಉಲ್ಲಾಸ್ ಯೋಜನೆಯ ಅವಧಿ ಮುಗಿದ ಮೇಲೆ ಇನ್ನೊಂದು ಯೋಜನೆ ಬರುತ್ತದೆ. ಅದರ ಕರಡು ಸಿದ್ಧವಾಗುವ ಹೊತ್ತಿಗೆ ಕರ್ನಾಟಕದಿಂದ ಕೆಲವು ಬೇಡಿಕೆಗಳು ಹೋಗಿರಬೇಕು. ಗೌರವಧನ ಪಡೆಯುವವರು, ಸ್ವಯಂಸೇವಕರು ಸಹ ಸಮಂಜಸ ಹೊಂದಾಣಿಕೆಗೆ ಹಕ್ಕುದಾರರು ಎಂದು ಮಾರ್ಗಸೂಚಿಯಲ್ಲೇ ಬರೆಯಬೇಕು. ಅಂಗವಿಕಲರ ಹಕ್ಕುಗಳ ಅಧಿನಿಯಮದ ಮೂರನೆಯ ಕಲಮು ಎಲ್ಲ ವಿಕಲಚೇತನರಿಗೂ ಸಮಾನತೆಯ ಭರವಸೆ ಕೊಟ್ಟಿದೆ, ಸಮಂಜಸ ಹೊಂದಾಣಿಕೆಯ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ಆದ್ದರಿಂದ ಈ ಬೇಡಿಕೆಗೆ ಕಾನೂನಿನ ಆಧಾರ ಇದೆ. ಹೊಂದಾಣಿಕೆಯ ಖರ್ಚಿಗೆಂದು ಪ್ರತ್ಯೇಕ ಲೆಕ್ಕಶೀರ್ಷಿಕೆ ಬೇಕು. ಇಲ್ಲದಿದ್ದರೆ ದುಭಾಷಿಯ ಸಂಭಾವನೆ ಯಾವ ಬಾಬ್ತಿನಿಂದ ಎಂಬ ಪ್ರಶ್ನೆಗೆ ಕಡತ ನಿಂತುಬಿಡುತ್ತದೆ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ಅವರ ಒಪ್ಪಿಗೆಯಿಂದ ಮತ್ತು ಹೆಚ್ಚುವರಿ ಸಂಭಾವನೆಯೊಂದಿಗೆ, ಕಲಿಕಾ ಕೇಂದ್ರಗಳ ಹೊಣೆಗೆ ಸೇರಿಸಿಕೊಳ್ಳಬೇಕು. ಅಧಿನಿಯಮ ಈಗಾಗಲೇ ಕಡ್ಡಾಯ ಮಾಡಿರುವ ಸಮಾನ ಅವಕಾಶ ನೀತಿಯನ್ನೂ ಕುಂದುಕೊರತೆ ಅಧಿಕಾರಿಯ ಹೆಸರನ್ನೂ ಪ್ರತಿ ಜಿಲ್ಲಾ ಲೋಕ ಶಿಕ್ಷಣ ಸಮಿತಿಯ ಕಚೇರಿಯಲ್ಲಿ ಪ್ರಕಟಿಸಬೇಕು, ಅವನ್ನು ಬ್ರೈಲ್‌ನಲ್ಲೂ ಯೂನಿಕೋಡ್‌ನಲ್ಲೂ ಇಡಬೇಕು. ಮತ್ತು ಇಷ್ಟನ್ನು ಈ ಸಭೆಯಲ್ಲಿರುವ ಸಂಯೋಜಕರೇ ನಾಳೆಯಿಂದ ಮಾಡಬಹುದು: ಬೋಧಕರ ನೋಂದಣಿ ನಮೂನೆಗೆ, ಆಯ್ಕೆ ಮುಗಿದ ಮೇಲೆ ತುಂಬುವ ಭಾಗದಲ್ಲಿ, "ಈ ಕೆಲಸ ಮಾಡಲು ನಿಮಗೆ ಯಾವ ಅನುಕೂಲ ಬೇಕು?" ಎಂಬ ಒಂದು ಸಾಲು ಸೇರಿಸಿ. ಬಂದ ಉತ್ತರಗಳನ್ನು ಒಟ್ಟುಗೂಡಿಸಿ ಜಿಲ್ಲಾ ಸಮಿತಿಯ ಮುಂದಿನ ಸಭೆಯ ಕಾರ್ಯಸೂಚಿಗೆ ಹಾಕಿ.